ಹೂವಿನ ಹಿಂದಿನ ಹೊಲ

ಹೂವನ್ನು ಬಿಡಿಸುವ ಚಿತ್ರಕಾರನು ಅದರ ಹಿಂದಿನ ಎಲೆ, ಕಡ್ಡಿ, ಬೇಲಿಗಳನ್ನೆಲ್ಲ ಬರೆಯುತ್ತ ಕುಳಿತುಕೊಳ್ಳುವುದಿಲ್ಲ. ಒದ್ದೆ ಕುಂಚದಿಂದ ಎರಡು ಬಣ್ಣಗಳನ್ನು ಹರಿಯಬಿಟ್ಟು ಸುಮ್ಮನಾಗುತ್ತಾನೆ. ಕ್ಯಾಮರವಾದರೋ ಕಂಡದ್ದನ್ನೆಲ್ಲ ಒಪ್ಪಿಸುವ ಸ್ವಭಾವದ್ದು. ಆದರೂ ಹಳೆಯ ಕಾಲದ ಕೆಲವು ಮಸೂರಗಳಿಗೆ ಕುಂಚದ ಗುಣ ಉಂಟು. ಪೆಟ್ಟಿಗೆಯ ಮೂಲೆ ಸೇರಿದ್ದ ಅವುಗಳನ್ನು ಛಾಯಾಗ್ರಾಹಕರು ಈಗ ಮತ್ತೆ ಹುಡುಕಿ ತೆಗೆಯುತ್ತಿದ್ದಾರೆ.

ಇಂಥ ಮಸೂರಕ್ಕೆ ಒಪ್ಪುವ ತಾಣವೊಂದು ನಮ್ಮ ನಾಡಿನಲ್ಲೇ ಇದೆ. ಆಷಾಢದ ಆಸುಪಾಸಿನಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೊರಟವರಿಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ ಮತ್ತು ಚೆಂಡು ಹೂವಿನ ಹೊಲಗಳು ಕಾಣಸಿಗುತ್ತವೆ. ಹಂಗಳದ ಪಶ್ಚಿಮಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬಲಿತ ಸೂರ್ಯಕಾಂತಿ ಪೂರ್ವಕ್ಕೆ ಮುಖಮಾಡಿ ನಿಲ್ಲುವುದರಿಂದ, ಬೆಳಿಗ್ಗೆ ಅದಕ್ಕೆ ಎದುರಾಗಿ ನಿಂತವರಿಗೆ ಹೂವಿನ ಮೇಲೆ ಎಳೆಬಿಸಿಲು, ಹಿಂದೆ ಬೆಟ್ಟದ ನೀಲಿ, ಎರಡೂ ಒಮ್ಮೆಗೇ ದೊರೆಯುತ್ತವೆ.

ಕಾಡಿನೊಳಗೆ ಈ ಅನುಕೂಲವಿಲ್ಲ. ಮುತ್ತುಗ, ಕಕ್ಕೆಗಳು ಬೇಸಗೆಯಲ್ಲಿ ಎಷ್ಟೇ ಸೊಗಸಾಗಿ ಅರಳಲಿ, 1973ರಿಂದ ಹುಲಿ ಯೋಜನೆಗೆ ಸೇರಿರುವ ಆ ಅರಣ್ಯದಲ್ಲಿ ವಾಹನದಿಂದ ಇಳಿಯುವಂತಿಲ್ಲ. ಹಿನ್ನೆಲೆ ಕರಗಬೇಕಾದರೆ ಹೂವಿನ ತೀರ ಸಮೀಪಕ್ಕೆ ಹೋಗಬೇಕು, ಹಿಂದಿರುವುದು ದೂರವಿರಬೇಕು, ಮಸೂರದ ಬೆಳಕಿಂಡಿಯನ್ನು ಪೂರ್ತಿ ತೆರೆದಿಡಬೇಕು.

ಇಷ್ಟನ್ನು ಹೊಸ ಮಸೂರವೂ ಮಾಡೀತು. ಹಳೆಯದರ ವಿಶೇಷವಿರುವುದು ಅದರ ದೋಷದಲ್ಲಿ. 1840ರಲ್ಲಿ ವಿಯೆನ್ನದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಭಾವಚಿತ್ರಗಳಿಗಾಗಿ ರೂಪಿಸಿದ ಮಸೂರವು ನಡುವೆ ನಿಚ್ಚಳವಾಗಿಯೂ ಅಂಚಿನಲ್ಲಿ ಸುಳಿಸುಳಿಯಾಗಿಯೂ ಚಿತ್ರವನ್ನು ಮೂಡಿಸುತ್ತಿತ್ತು. ಸೋವಿಯತ್ ದೇಶದ 58 ಮಿಲಿಮೀಟರಿನ ಹೀಲಿಯೋಸ್ 44 ಮಸೂರದಲ್ಲಿಯೂ ಇಂಥದೇ ಸುಳಿ ಕಾಣುತ್ತದೆ. ಜರ್ಮನಿಯ ಝೈಸ್ ಸಂಸ್ಥೆಯ ಬಯೋಟಾರ್ ಅದಕ್ಕೆ ಮಾದರಿ. ಓರೆಯಾಗಿ ಬರುವ ಬೆಳಕನ್ನು ಮಸೂರದ ಕೊಳವೆಯೇ ಒಂದಿಷ್ಟು ತಡೆಯುವುದರಿಂದ ಅಂಚಿನ ಬೆಳಕಿನ ಬಿಲ್ಲೆಗಳು ದುಂಡಗಿರದೆ ಬಾದಾಮಿಯಂತಾಗಿ, ಹೂವನ್ನು ಪ್ರದಕ್ಷಿಣೆ ಹಾಕುವಂತೆ ತೋರುತ್ತವೆ. ಜರ್ಮನಿಯದೇ ಆದ ಟ್ರಯೋಪ್ಲಾನ್‌ನಲ್ಲಿರುವುದು ಮೂರೇ ಗಾಜುಗಳು. ಹುಲ್ಲಿನ ಮೇಲಿನ ಇಬ್ಬನಿಗೆ ಬಿಸಿಲು ತಗುಲಿದರೆ ಅದು ಹನಿಹನಿಯನ್ನೂ ಅಂಚುಗಟ್ಟಿದ ಸಾಬೂನಿನ ಗುಳ್ಳೆಯಾಗಿಸುತ್ತದೆ. ತಯಾರಕರು ತಿದ್ದಲು ಹೆಣಗಿದ ದೋಷಗಳೇ ಇಂದು ಬೇಡಿಕೆಯ ಗುಣಗಳಾಗಿವೆ!

ಕನ್ನಡಿಯಿಲ್ಲದ ಇಂದಿನ ಕ್ಯಾಮರಗಳಿಗೆ ಇವನ್ನು ಜೋಡಿಸಲು ತಕ್ಕ ಲೋಹದ ಬಳೆಯೊಂದು ಸಾಕು. ಆದರೆ ಮಸೂರವನ್ನು ಕೈಯಿಂದಲೇ ತಿರುಗಿಸಿ ಹೂವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಾಳಿ ನಿಲ್ಲುವವರೆಗೆ ಕಾಯುವ ತಾಳ್ಮೆಯೂ ಬೇಕು. ಕೊಳ್ಳುವ ಮುನ್ನ ಮಸೂರವನ್ನು ಬೆಳಕಿಗೆ ಹಿಡಿದು ನೋಡುವುದು ಒಳಿತು. ಮಳೆಗಾಲದ ತೇವಕ್ಕೆ ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುವುದುಂಟು.

ಇಷ್ಟೆಲ್ಲ ಸಿದ್ಧತೆಯ ನಡುವೆ ಮರೆತುಹೋಗುವ ಸಂಗತಿಯೊಂದಿದೆ. ಚಿತ್ರದಲ್ಲಿ ಬರಿಯ ಹಳದಿಯಾಗಿ ಕರಗುವುದು ಒಬ್ಬ ರೈತನ ಬೆಳೆ. ಸೂರ್ಯಕಾಂತಿ ಎಣ್ಣೆಗಾಗಿ ಬೆಳೆದದ್ದು. ಚೆಂಡು ಹೂವು ಬಣ್ಣ ತೆಗೆಯುವ ಕಾರ್ಖಾನೆಗೆ, ಓಣಂ ಹಬ್ಬದ ವೇಳೆ ಕೇರಳದ ಮಾರುಕಟ್ಟೆಗೆ ಸಾಗುವಂಥದು. ಚಿತ್ರದ ಆಸೆಗೆ ಸಾಲುಗಳ ನಡುವೆ ನುಗ್ಗಿದವರ ಕಾಲಡಿಯಲ್ಲಿ ಮುರಿದ ಗಿಡ ಮತ್ತೆ ಏಳುವುದಿಲ್ಲ. ಹೊಲದೊಳಗೆ ಬಿಡಲು ಕೆಲವು ರೈತರು ಸ್ವಲ್ಪ ಹಣ ಕೇಳುತ್ತಾರೆ. ಸಾವಿರಾರು ರೂಪಾಯಿಯ ಸಲಕರಣೆ ಹೊತ್ತು ಬಂದವರು ಅದಕ್ಕೆ ಗೊಣಗುವುದು ತರವಲ್ಲ. ಅನುಮತಿ ಕೇಳಿ, ಬದುವಿನ ಮೇಲೆಯೇ ನಿಂತು, ಅಂಚಿನ ಒಂದು ಹೂವನ್ನು ಆರಿಸಿಕೊಂಡರೂ ಚಿತ್ರಕ್ಕೆ ಕೊರತೆಯಾಗದು. ಹಿನ್ನೆಲೆಯನ್ನು ಮಸುಕಾಗಿಸುವ ಅಧಿಕಾರ ಮಸೂರಕ್ಕೆ ಉಂಟು; ಅದನ್ನು ಹಿಡಿದವರಿಗೆ ಆ ಹೊಲ ನಿಚ್ಚಳವಾಗಿಯೇ ಕಾಣಬೇಕು.