ಆವಕದ ಲೆಕ್ಕಕ್ಕೊಂದು ಅಚ್ಚು

ಸಂಘದ ಗೋದಾಮಿನಲ್ಲಿ ಕಾಫಿ, ಅಡಿಕೆ ತೂಗಿಸುವ ಸದಸ್ಯ ಬಾಂಧವರ ಲೆಕ್ಕವನ್ನು ಈಗ ಕಚೇರಿಯ ಕಂಪ್ಯೂಟರಿನಲ್ಲಿ, ನೋಶನ್ ಎಂಬ ತಂತ್ರಾಂಶದಲ್ಲಿ ಇಡುತ್ತಿದ್ದೇವೆ. ನೋಡಲಿಕ್ಕೆ ಅದು ಹಳೆಯ ಆವಕ ಪುಸ್ತಕದಂತೆಯೇ ಸಾಲು, ಮನೆಗಳ ಪಟ್ಟಿ. ಆದರೆ ಒಂದೊಂದು ಸಾಲನ್ನು ಬಿಡಿಸಿದರೂ ಒಳಗೆ ಪೂರಾ ಒಂದು ಪುಟವಿರುತ್ತದೆ. ಆ ಪುಟವನ್ನು ಪ್ರತಿಸಲ ಹೊಸದಾಗಿ ಬರೆಯುತ್ತ ಕುಳಿತರೆ ಒಬ್ಬ ಗುಮಾಸ್ತರು ತೇವಾಂಶ ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಪಾವತಿಯ ದಿನ ತಕರಾರು ಏಳುವುದು ಅಲ್ಲಿಯೇ. ಇದಕ್ಕೆ ಉಪಾಯವೆಂದರೆ ನಮೂನೆ ಪುಟ, ಅಂದರೆ ಟೆಂಪ್ಲೇಟ್. ಬೆಲ್ಲದ ಅಚ್ಚಿದ್ದ ಹಾಗೆ. ಒಮ್ಮೆ ಮಾಡಿಟ್ಟರೆ ಎಷ್ಟು ಸಲ ಬೇಕಾದರೂ ಹೊಯ್ಯಬಹುದು.

ಮಾಡುವ ಕ್ರಮ ಕಷ್ಟದ್ದಲ್ಲ. ಪಟ್ಟಿಯ ಮೇಲ್ಗಡೆ ‘ನ್ಯೂ’ ಎಂಬ ಗುಂಡಿಗೆ ಅಂಟಿಕೊಂಡು ಸಣ್ಣದೊಂದು ಬಾಣವಿದೆ. ಅದನ್ನು ಒತ್ತಿ ‘ನ್ಯೂ ಟೆಂಪ್ಲೇಟ್’ ಆರಿಸಿದರೆ ಖಾಲಿ ಪುಟ ತೆರೆದುಕೊಳ್ಳುತ್ತದೆ. ಅದಕ್ಕೆ ‘ರೋಬಸ್ಟಾ ಚೆರಿ ಆವಕ’ ಎಂದೋ ‘ರಾಶಿ ಅಡಿಕೆ’ ಎಂದೋ ಹೆಸರು ಕೊಟ್ಟು, ಬೇಕಾದ ಶೀರ್ಷಿಕೆಗಳನ್ನು ಕನ್ನಡದಲ್ಲೇ ಬರೆದು ಹೊರಬಂದರೆ ಆಯಿತು. ಮುಂದೆ ಅದೇ ಬಾಣ ಒತ್ತಿದಾಗ ಆ ಹೆಸರು ಕಾದಿರುತ್ತದೆ. ಹೆಚ್ಚು ಬಳಸುವ ನಮೂನೆ ತಾನಾಗಿಯೇ ಬರುವಂತೆಯೂ ಗೊತ್ತುಮಾಡಬಹುದು.

ಯೋಚಿಸಬೇಕಾದದ್ದು ಅಚ್ಚಿನೊಳಗೆ ಏನನ್ನು ಮೊದಲೇ ತುಂಬಿಡಬೇಕು, ಏನನ್ನು ಖಾಲಿ ಬಿಡಬೇಕು ಎಂಬುದು. ಬೆಳೆಯ ಹೆಸರು, 50 ಕಿಲೋ ಚೀಲದ ಲೆಕ್ಕ, ಸಹಿಯ ಜಾಗ ಇವು ಮೊದಲೇ ಇರಲಿ. ಕಾಫಿ ಮಂಡಳಿ ಹೇಳುವ ತೇವಾಂಶದ ಮಿತಿಯೂ (ಪಾರ್ಚ್‌ಮೆಂಟಿಗೆ ಶೇ. 10, ಅರೇಬಿಕಾ ಚೆರಿಗೆ ಶೇ. 10.5, ರೋಬಸ್ಟಾ ಚೆರಿಗೆ ಶೇ. 11) ಸೂಚನೆಯಾಗಿ ಇರಬಹುದು. ಆದರೆ ಅಳೆದು ಬರೆಯಬೇಕಾದ ಮನೆಯಲ್ಲಿ ಅಂಕಿ ಕೂರಿಸಲೇಬಾರದು. ಕೆಲಸ ಹಗುರವಾಗಲೆಂದು ಅಲ್ಲಿ 11 ಎಂದು ತುಂಬಿಟ್ಟರೆ, ಮೀಟರಿಗೆ ಕಾಳು ಹಾಕದ ದಿನವೂ ಅದು 11 ಎಂದೇ ಉಳಿಯುತ್ತದೆ. ಅಳೆದ 11 ಯಾವುದು, ಅಳೆಯದ 11 ಯಾವುದು ಎಂದು ಆಮೇಲೆ ಯಾರೂ ಹೇಳಲಾರರು. ಚೆನ್ನಾಗಿ ಒಣಗಿಸಿ ತಂದವರಿಗೂ ಹಸಿ ತಂದವರಿಗೂ ಒಂದೇ ಲೆಕ್ಕವಾದರೆ ಕಣದಲ್ಲಿ ಇನ್ನೆರಡು ದಿನ ಹರಗಿ ಒಣಗಿಸುವವರು ಯಾರು? ಔಟ್‌ಟರ್ನ್ ಮನೆಗೂ ಇದೇ ಮಾತು. 1996ರವರೆಗೆ ಪೂಲ್ ವ್ಯವಸ್ಥೆ ಕಂಡ ಹಿರಿಯರಿಗೆ ಔಟ್‌ಟರ್ನ್ ಅಂಕಿಯ ಬೆಲೆಯನ್ನು ನಾನು ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಷಯ. ನಮೂನೆಯನ್ನು ನಡುವೆ ತಿದ್ದಿದರೆ ಹೊಸ ಪುಟಗಳು ಮಾತ್ರ ತಿದ್ದಿದಂತೆ ಬರುತ್ತವೆ, ಹಳೆಯವು ಇದ್ದ ಹಾಗೇ ಇರುತ್ತವೆ. ಲೆಕ್ಕ ಪರಿಶೋಧನೆಗೆ ಇದು ಒಳ್ಳೆಯದೇ. ಆದರೆ ಕೊಯ್ಲಿನ ಮಧ್ಯೆ ಅಚ್ಚು ಬದಲಾದರೆ ಒಂದೇ ಹಂಗಾಮಿನ ಪುಟಗಳು ಎರಡು ತೆರನಾಗುತ್ತವೆ. ಆದ್ದರಿಂದ ಮೊದಲು ಕಾಗದದ ಮೇಲೆ ಬರೆದು, ತೂಕದವರಿಗೂ ತೋರಿಸಿ, ಆಮೇಲೆ ಯಂತ್ರಕ್ಕೆ ಹಾಕುವುದು ಲೇಸು.

ತೋಟದ ಲೆಕ್ಕಕ್ಕೂ ಇದನ್ನು ಬಳಸಬಹುದು, ಒಬ್ಬರೇ ಬಳಸುವುದಾದರೆ ಶುಲ್ಕವಿಲ್ಲ. ಬೋರ್ಡೋ ಸಿಂಪಡಣೆಯ ನಮೂನೆಯಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ತುಂಬಿಯೇ ಇಡಿ, ಅದು ಬದಲಾಗದ ಅಳತೆ. ಹೊಡೆದ ತಾರೀಖು, ಎಷ್ಟು ಮರ ಎಂಬುದು ಮಾತ್ರ ಖಾಲಿಯಿರಲಿ.

ಕಾಗದದ ರಸೀತಿ ಎಂದಿನಂತೆ ಸಿಗುತ್ತದೆ. ಕೇಳಿದವರಿಗೆ ಅವರ ಪುಟದ ಪ್ರತಿಯನ್ನೂ ಕಚೇರಿಯಲ್ಲಿ ಕೊಡುತ್ತೇವೆ. ತೇವಾಂಶದ ಮನೆ ಖಾಲಿಯಿದ್ದರೆ ಸಹಿ ಹಾಕಬೇಡಿ, ನಿಮ್ಮೆದುರಿಗೇ ಮೀಟರಿಗೆ ಕಾಳು ಹಾಕಿಸಿ ನೋಡಿಕೊಳ್ಳಿ.