ಅಂಬ್ರೆಲಾ ಡ್ರೆಸ್‌ನ ಲೆಕ್ಕ

ಕಳೆದ ರಂಜಾನ್‌ನಲ್ಲಿ ನಾನು ಅಮ್ಮಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಉದ್ದನೆಯ ಅಂಬ್ರೆಲಾ ಡ್ರೆಸ್. ಒಳಗೆ ಲೈನಿಂಗ್, ಕೆಳಗೆ ತುಂಬಾ ಘೇರು. ಈದ್‌ಗೆ ನನಗೂ ಇಂಥದ್ದೇ ಬೇಕು ಎಂದೆ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಈದ್‌ಗೆ ಮುಂಚೆ ನಮ್ಮ ಮನೆಯ ಮಂಚದ ಮೇಲೆ ಮಲಗಲು ಜಾಗವಿರುವುದಿಲ್ಲ, ಎಲ್ಲಾ ಕಡೆ ಗಿರಾಕಿಗಳ ಬಟ್ಟೆಯ ಚೀಲಗಳು. "ಗಿರಾಕಿಗಳದ್ದು ಮುಗೀಲಿ ಬೇಟಾ, ಆಮೇಲೆ ನೋಡೋಣ" ಎಂದರು. ನನಗೆ ಸಿಟ್ಟು ಬಂತು. "ಬರೀ ಹೊಲಿಯೋದು ತಾನೇ, ಎಷ್ಟು ಹೊತ್ತು ಬೇಕು?" ಎಂದುಬಿಟ್ಟೆ.

ಅಮ್ಮಿ ಏನೂ ಹೇಳಲಿಲ್ಲ. ಚಾಂದ್ ರಾತ್ ದಿನ ಕೊನೆಯ ಗಿರಾಕಿ ಹೋದ ಮೇಲೆ ನನ್ನ ಡ್ರೆಸ್ ಹೊಲಿಯಲು ಕುಳಿತರು. ಕೆಳಗಿನ ಅಂಚಿನ ತುರ್ಪಾಯಿ ಮಾತ್ರ ನನ್ನ ಕೈಗೆ ಕೊಟ್ಟರು. ತುರ್ಪಾಯಿ ಎಂದರೆ ಅಂಚನ್ನು ಮಡಚಿ, ಹೊರಗೆ ದಾರ ಕಾಣದಂತೆ ಕೈಯಿಂದ ಹಾಕುವ ಹೊಲಿಗೆ. ನಾನು ಹೊಲಿದೆ, ಹೊಲಿದೆ, ಅಂಚು ಮುಗಿಯಲೇ ಇಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಂದೇ ಸಿಕ್ಕಿತು. ಉಳಿದ ಅರ್ಧ ಈ ವರ್ಷ ನಮ್ಮ ತರಗತಿಯಲ್ಲಿ ಸಿಕ್ಕಿತು.

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಎಫ್. ಡಬ್ಲ್ಯು. ಟೇಲರ್ ಅವರ ವೈಜ್ಞಾನಿಕ ನಿರ್ವಹಣೆಯ ಪಾಠವಿದೆ. ಹೆಸರು ಕೇಳಿದ ಕೂಡಲೇ ನನ್ನ ಗೆಳತಿಯರು ನನ್ನ ಕಡೆ ತಿರುಗಿ ನಕ್ಕರು. 1911ರಲ್ಲಿ ಪುಸ್ತಕ ಬರೆದ ಈ ಟೇಲರ್ ಬಟ್ಟೆ ಹೊಲಿಯುವವರಲ್ಲ, ಎಂಜಿನಿಯರ್. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಪ್ರತಿ ಹಂತಕ್ಕೂ ಎಷ್ಟು ಸಮಯ ಹಿಡಿಯುತ್ತದೆ ಎಂದು ಗಡಿಯಾರ ಇಟ್ಟು ಅಳೆಯಬೇಕು ಎಂದವರು. ಇದಕ್ಕೆ ಸಮಯ ಅಧ್ಯಯನ ಎನ್ನುತ್ತಾರೆ. ಅವರು ಅಳೆದದ್ದು ಕಾರ್ಖಾನೆಯಲ್ಲಿ. ನಾನು ಅಳೆದದ್ದು ನಮ್ಮ ನಡುಮನೆಯಲ್ಲಿ.

ಲೈನಿಂಗ್ ಹಾಕಿದ ಒಂದು ಚೂಡಿದಾರ್ ಸೆಟ್‌ಗೆ ಅಮ್ಮಿಗೆ ಹಿಡಿದ ಸಮಯ ಹೀಗಿತ್ತು: ಅಳತೆ ತೆಗೆದುಕೊಂಡು, ಕುತ್ತಿಗೆ ಯಾವ ಡಿಸೈನ್ ಎಂದು ಮಾತಾಡಲು 15 ನಿಮಿಷ. ಬಟ್ಟೆಗೆ ಇಸ್ತ್ರಿ ಹಾಕಲು 10 ನಿಮಿಷ. ಚಾಕ್‌ನಲ್ಲಿ ಗುರುತು ಮಾಡಿ ಕತ್ತರಿಸಲು 40 ನಿಮಿಷ. ಮಿಷಿನ್ ಹೊಲಿಗೆ 110 ನಿಮಿಷ. ಹುಕ್ ಮತ್ತು ತುರ್ಪಾಯಿ 35 ನಿಮಿಷ. ಕೊನೆಯ ಇಸ್ತ್ರಿ, ಹಾಕಿ ನೋಡಿದ ಮೇಲೆ ಸಡಿಲ ಬಿಗಿ ಸರಿಮಾಡಲು 20 ನಿಮಿಷ. ಒಟ್ಟು 230 ನಿಮಿಷ, ಅಂದರೆ 3 ಗಂಟೆ 50 ನಿಮಿಷ.

ಇದಕ್ಕೆ ಅಮ್ಮಿ ತೆಗೆದುಕೊಳ್ಳುತ್ತಿದ್ದುದು 200 ರೂಪಾಯಿ. ಇದೆಲ್ಲಾ ಲಾಭವೇ ಎಂದು ನಾನು ಅಂದುಕೊಂಡಿದ್ದೆ. ಬಟ್ಟೆ, ಲೈನಿಂಗ್ ಗಿರಾಕಿಯೇ ತರುತ್ತಾರೆ. ಆದರೆ ದಾರ, ಕುತ್ತಿಗೆಯ ಕ್ಯಾನ್ವಾಸ್, ಹುಕ್ ನಮ್ಮದು. ಅದಕ್ಕೆ 30 ರೂಪಾಯಿ. ಕರೆಂಟಿಗೆ ಸುಮಾರು 5. ಸೂಜಿ, ಎಣ್ಣೆ, ರಿಪೇರಿಗೆ 5. ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ, ಅದು ಸವಕಳಿ. ಮೋಟಾರ್ ಇರುವ ನಮ್ಮ ಮಿಷಿನ್‌ಗೆ 15,000 ರೂಪಾಯಿ ಕೊಟ್ಟಿದ್ದೇವೆ. ಹತ್ತು ವರ್ಷ ಬಳಸಿ ಮಾರಿದರೆ 3,000 ಸಿಗಬಹುದು. ಉಳಿದ 12,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,200, ತಿಂಗಳಿಗೆ 100. ತಿಂಗಳಿಗೆ 20 ಸೆಟ್ ಹೊಲಿದರೆ ಸೆಟ್‌ಗೆ 5 ರೂಪಾಯಿ. ಇದನ್ನು ಈಗಲೇ ಎತ್ತಿಡದಿದ್ದರೆ ಮಿಷಿನ್ ಕೈಕೊಟ್ಟ ದಿನ ಸಾಲ ಮಾಡಬೇಕಾಗುತ್ತದೆ.

ಒಟ್ಟು ಖರ್ಚು 45. ಕೈಯಲ್ಲಿ ಉಳಿಯುವುದು 155. ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 40 ರೂಪಾಯಿ, ಎಂಟು ಗಂಟೆ ದುಡಿದರೆ 323. ಹೋಲಿಕೆಗೆ ಹೇಳುವುದಾದರೆ, ಕರ್ನಾಟಕದಲ್ಲಿ 2025-26ನೇ ಸಾಲಿಗೆ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಇಪ್ಪತ್ತು ವರ್ಷದಿಂದ ಹೊಲಿಯುತ್ತಿರುವ ಅಮ್ಮಿಯ ಕೈಗೆ ಅಷ್ಟೂ ಸಿಗುತ್ತಿರಲಿಲ್ಲ.

ಆಮೇಲೆ ಲೈನಿಂಗ್ ಇಲ್ಲದ ಸಾದಾ ಸೆಟ್ ಅಳೆದೆ. ಎರಡೂವರೆ ಗಂಟೆ, ಖರ್ಚು 35. ಅದಕ್ಕೂ ಅಮ್ಮಿಯ ದರ 200. ಇಲ್ಲಿ ಗಂಟೆಗೆ 66 ರೂಪಾಯಿ ಬಂತು. ಕೊನೆಗೆ ಒಬ್ಬ ಗಿರಾಕಿಯ ಅಂಬ್ರೆಲಾ ಡ್ರೆಸ್. ಐದೂವರೆ ಗಂಟೆ, ಖರ್ಚು 50. ದರ ಅದೇ 200! ಗಂಟೆಗೆ ಸಿಕ್ಕಿದ್ದು 27 ರೂಪಾಯಿ. ಫ್ಯಾಷನ್ ಹೆಚ್ಚಾದಷ್ಟೂ ಹೊಲಿಯುವವರ ಕೂಲಿ ಕಡಿಮೆಯಾಗುತ್ತಿತ್ತು. ಎಲ್ಲಾ ಡಿಸೈನ್‌ಗೂ ಒಂದೇ ದರ ಇಟ್ಟದ್ದೇ ಇದಕ್ಕೆ ಕಾರಣ.

ಅಂಬ್ರೆಲಾಕ್ಕೆ ಅಷ್ಟು ಹೊತ್ತು ಏಕೆ? ಹೈಸ್ಕೂಲಿನಲ್ಲಿ ಕಲಿತ ವೃತ್ತದ ಸೂತ್ರ ಸಾಕು. ಪೂರ್ತಿ ಘೇರಿನ ಕೆಳಭಾಗ ಒಂದು ವೃತ್ತ. ಸೊಂಟದ ಸುತ್ತಿಗಾಗಿ ನಡುವಿನಲ್ಲಿ 5 ಇಂಚು ತ್ರಿಜ್ಯ, ಅಲ್ಲಿಂದ ಕೆಳಗೆ 30 ಇಂಚು ಉದ್ದ ಬಿಟ್ಟರೆ ಹೊರಗಿನ ತ್ರಿಜ್ಯ 35 ಇಂಚು. ಪರಿಧಿ 2 × 22/7 × 35, ಅಂದರೆ 220 ಇಂಚು. ಹದಿನೆಂಟು ಅಡಿಗೂ ಹೆಚ್ಚು! ಸಾದಾ ಟಾಪ್‌ನ ಕೆಳಗಿನ ಅಂಚು 46 ಇಂಚಿನಷ್ಟಿರುತ್ತದೆ. ಚಾಂದ್ ರಾತ್‌ನಲ್ಲಿ ನನ್ನ ತುರ್ಪಾಯಿ ಮುಗಿಯದೇ ಇದ್ದುದು ಇದಕ್ಕೇ.

ಬಟ್ಟೆಯೂ ಹೆಚ್ಚು ಬೇಕು. 44 ಇಂಚು ಪನ್ನದ ಬಟ್ಟೆಯಲ್ಲಿ 70 ಇಂಚು ಅಗಲದ ವೃತ್ತ ಹಿಡಿಯುವುದಿಲ್ಲ. ಎರಡು ಅರ್ಧ ವೃತ್ತ ಕತ್ತರಿಸಿ ಜೋಡಿಸಬೇಕು. ಒಂದೊಂದಕ್ಕೆ 70 ಇಂಚು ಉದ್ದ, ಎರಡಕ್ಕೆ 140 ಇಂಚು. ಕೆಳಭಾಗಕ್ಕೇ ಮೂರೂವರೆ ಮೀಟರ್ ದಾಟುತ್ತದೆ. ಮೂಲೆಗಳು ತುಂಡಾಗಿ ಉಳಿಯುತ್ತವೆ. ಲೈನಿಂಗ್ ಇದ್ದರೆ ಇದೇ ಕೆಲಸ ಮತ್ತೊಮ್ಮೆ.

ಇನ್ನೊಂದು ಸಂಗತಿ ಅಮ್ಮಿ ಹೇಳಿಕೊಟ್ಟದ್ದು. ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ದಿಕ್ಕಿನ ಎಳೆಗಳಿರುತ್ತವೆ. ಎಳೆಯ ನೇರಕ್ಕೆ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ, ಓರೆಗೆ ಎಳೆದರೆ ಹಿಗ್ಗುತ್ತದೆ. ವೃತ್ತಾಕಾರವಾಗಿ ಕತ್ತರಿಸಿದಾಗ ಕೆಲವು ಕಡೆ ಎಳೆ ನೇರಕ್ಕೆ, ಕೆಲವು ಕಡೆ ಓರೆಗೆ ಬೀಳುತ್ತದೆ. ಓರೆ ಇರುವ ಕಡೆ ತನ್ನ ಭಾರಕ್ಕೇ ಜೋತುಬಿದ್ದು ಅಂಚು ಏರುಪೇರಾಗುತ್ತದೆ. ಅದಕ್ಕೇ ಡ್ರೆಸ್ಸನ್ನು ಒಂದು ರಾತ್ರಿ ನೇತುಹಾಕಿ, ಬೆಳಿಗ್ಗೆ ಅಂಚು ಸಮ ಮಾಡಿ, ಆಮೇಲೆ ಮಡಚಬೇಕು. ನನ್ನ ಡ್ರೆಸ್‌ಗೆ ಆ ರಾತ್ರಿ ಸಿಗಲಿಲ್ಲ. ಈಗಲೂ ಅದರ ಎಡಬದಿ ಸ್ವಲ್ಪ ಇಳಿದೇ ಇದೆ.

"ಅಂಗಡಿಯಲ್ಲಿ ರೆಡಿಮೇಡ್ ಇಷ್ಟು ಅಗ್ಗಕ್ಕೆ ಸಿಗುತ್ತಲ್ಲಾ ಆಪಾ" ಎಂದು ಗಿರಾಕಿಗಳು ಹೇಳುತ್ತಾರೆ. ಅದೂ ನಿಜವೇ. ಕಾರ್ಖಾನೆಯಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಂದೇ ಸಲ ಕತ್ತರಿಸುತ್ತಾರೆ. ಒಬ್ಬರು ತೋಳು ಮಾತ್ರ, ಇನ್ನೊಬ್ಬರು ಕಾಲರ್ ಮಾತ್ರ ಹೊಲಿಯುತ್ತಾರೆ. ಈ ಶ್ರಮ ವಿಭಜನೆಯ ಬಲವನ್ನು ಆಡಂ ಸ್ಮಿತ್ 1776ರಲ್ಲೇ ವಿವರಿಸಿದ್ದರು. ಗುಂಡುಸೂಜಿಯ ಕೆಲಸವನ್ನು ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡಬಲ್ಲರು ಎಂಬುದು ಅವರ ಉದಾಹರಣೆ. ಅಮ್ಮಿ ಮಾತ್ರ ಒಬ್ಬರೇ ಕತ್ತರಿಸಬೇಕು, ಒಬ್ಬರೇ ಹೊಲಿಯಬೇಕು, ಅದೂ ಪ್ರತಿಯೊಬ್ಬರ ಅಳತೆಗೆ ಬೇರೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಲೆಕ್ಕದ ಹಾಳೆ ತೋರಿಸಿದಾಗ ಅಮ್ಮಿ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. "ದರ ಏರಿಸಿದರೆ ಬಡವರು ಎಲ್ಲಿಗೆ ಹೋಗಬೇಕು?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಯೋಚಿಸಿ, ಸಾದಾ ಸೆಟ್‌ನ ದರ ಮುಟ್ಟುವುದೇ ಬೇಡ ಎಂದೆ. ಅದರಲ್ಲಿ ಸಿಗುವ ಗಂಟೆಗೆ 66 ರೂಪಾಯಿಯನ್ನೇ ಅಳತೆ ಮಾಡಿಕೊಂಡು ಉಳಿದವಕ್ಕೆ ದರ ಹಾಕಿದೆವು. ಲೈನಿಂಗ್ ಸೆಟ್‌ಗೆ 300, ಅಂಬ್ರೆಲಾಗೆ 400. ಹಾಳೆಯಲ್ಲಿ ಬರೆದು ಮಿಷಿನ್ ಪಕ್ಕದ ಗೋಡೆಗೆ ಅಂಟಿಸಿದೆ.

ಮೊದಲ ವಾರವೇ ಒಬ್ಬರು ಕೊಟ್ಟಿದ್ದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಹೋದರು. ಅವರು ಅಮ್ಮಿಯ ಹಳೆಯ ಗಿರಾಕಿ. ಆ ಸಂಜೆ ಅಮ್ಮಿ ನನ್ನ ಜೊತೆ ಮಾತಾಡಲಿಲ್ಲ. ಅವರು ಇನ್ನೂ ಮರಳಿ ಬಂದಿಲ್ಲ. ಆದರೆ ಬೇರೆ ಅನೇಕರು ಗೋಡೆ ನೋಡಿ, "ಹಾಗಾದರೆ ಸಾದಾನೇ ಹೊಲಿಯಿರಿ" ಎನ್ನುತ್ತಾರೆ, ಇಲ್ಲವೇ 400 ಕೊಡುತ್ತಾರೆ. ಕಳೆದ ತಿಂಗಳು ಸೆಟ್‌ಗಳು ಕಡಿಮೆ ಬಂದವು, ಹಣ ಕಡಿಮೆಯಾಗಲಿಲ್ಲ. ಅಮ್ಮಿ ಹತ್ತೂವರೆಗೆ ದೀಪ ಆರಿಸುತ್ತಿದ್ದಾರೆ. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಒಂದನ್ನು ಪಡೆಯಲು ಬಿಟ್ಟುಕೊಡುವ ಇನ್ನೊಂದು. ನಮ್ಮ ಮನೆಯಲ್ಲಿ ಅದು ಅಮ್ಮಿಯ ನಿದ್ದೆಯಾಗಿತ್ತು.

ಈಗ ನಾನು ಅಮ್ಮಿಯ ಉದ್ರಿ ಪುಸ್ತಕವನ್ನೂ ನೋಡಿಕೊಳ್ಳುತ್ತೇನೆ. ಡ್ರೆಸ್ ಹಾಕಿಕೊಂಡು ಮದುವೆ ಮುಗಿಸಿ, ಮೂರು ತಿಂಗಳಾದರೂ ಹಣ ಕೊಡದವರ ಹೆಸರುಗಳು ಅದರಲ್ಲಿವೆ. ದುಡಿದವರ ಕೂಲಿಯನ್ನು ತಡಮಾಡದೆ ಕೊಡಬೇಕೆಂಬುದು ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಟೇಲರ್‌ಗೆ ಕೊಡುವ ಹಣಕ್ಕೂ ಅದು ಅನ್ವಯಿಸುತ್ತದೆ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲೂ ಯಾರಾದರೂ ಹಪ್ಪಳ ಮಾಡುತ್ತಿರಬಹುದು, ಟಿಫಿನ್ ಕಟ್ಟುತ್ತಿರಬಹುದು, ಮೆಹಂದಿ ಹಾಕುತ್ತಿರಬಹುದು. ಒಂದು ಭಾನುವಾರ ಅವರ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕುಳಿತುಕೊಳ್ಳಿ. ನಮ್ಮ ಪಠ್ಯಪುಸ್ತಕದ ಸೂತ್ರಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಮುಂದಿನ ಈದ್‌ಗೆ ನಾನು ಸಾದಾ ಸೆಟ್ ಹೊಲಿಸಿಕೊಳ್ಳುತ್ತೇನೆ ಎಂದಿದ್ದೇನೆ. ಅಮ್ಮಿ ಒಪ್ಪಿಲ್ಲ. ಅಂಬ್ರೆಲಾವೇ ಹೊಲಿಯುತ್ತಾರಂತೆ, ಆದರೆ ಈ ಸಲ ಶಾಬಾನ್ ತಿಂಗಳಲ್ಲೇ ಬಟ್ಟೆ ತಂದು ಕೊಡಬೇಕಂತೆ. 220 ಇಂಚಿನ ತುರ್ಪಾಯಿ ಮಾತ್ರ ನನ್ನದೇ.