ಸೋಯಾ ಮತ್ತು ನಮ್ಮ ಬೇಳೆಕಾಳುಗಳು: ಹಾರ್ಮೋನಿನ ವಿಚಾರ

ದಾಸೋಹದಲ್ಲಿಯೂ ಪ್ರಸಾದ ನಿಲಯದ ಊಟದಲ್ಲಿಯೂ ಸೋಯಾ ಚಂಕ್ಸ್ ಬಳಸುವುದರ ಕುರಿತು ಭಕ್ತಾದಿಗಳಿಂದ ಮಠದ ಕಾರ್ಯಾಲಯಕ್ಕೆ ಪ್ರಶ್ನೆಗಳು ಬರುತ್ತಲಿವೆ. ಅದನ್ನುಂಡರೆ ಗಂಡುಮಕ್ಕಳ ಪೌರುಷ ಕುಂದೀತೆಂಬ ಅಂಜಿಕೆ ಕೆಲವು ಪಾಲಕರದು. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ತಾಯಂದಿರು ಅದನ್ನು ಸೇವಿಸಬಹುದೇ ಎಂಬುದು ಮತ್ತೆ ಕೆಲವರ ಸಂದೇಹ. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಪ್ರೋಟೀನಿಗೆ ಬೇಳೆಕಾಳುಗಳೇ ಮುಖ್ಯ ಆಧಾರವಾದ್ದರಿಂದ ಈ ಪ್ರಶ್ನೆಗಳನ್ನು ಹಗುರವಾಗಿ ಕಾಣುವಂತಿಲ್ಲ.

ಅಂಜಿಕೆಗೆ ಕಾರಣವಾದ ವಸ್ತುವಿನ ಹೆಸರು ಐಸೋಫ್ಲೇವೋನ್. ಸ್ತ್ರೀಯರ ಹಾರ್ಮೋನಾದ ಈಸ್ಟ್ರೋಜನ್ನನ್ನು ರಚನೆಯಲ್ಲಿ ಕೊಂಚ ಹೋಲುವ ಸಸ್ಯಜನ್ಯ ರಾಸಾಯನಿಕವಿದು. ದ್ವಿದಳ ಧಾನ್ಯಗಳಲ್ಲೆಲ್ಲ ಇದು ಅಷ್ಟಿಷ್ಟು ಇರುವುದಾದರೂ ಪ್ರಮಾಣದಲ್ಲಿ ಅಜಗಜಾಂತರವಿದೆ. ನೂರು ಗ್ರಾಂ ಒಣ ಸೋಯಾ ಅವರೆಯಲ್ಲಿ ಸುಮಾರು 150 ಮಿಲಿಗ್ರಾಂ ಐಸೋಫ್ಲೇವೋನ್ ಇದ್ದರೆ, ಅಷ್ಟೇ ತೂಕದ ತೊಗರಿ, ಕಡಲೆ, ಹೆಸರು, ಅಲಸಂದೆಗಳಲ್ಲಿ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ, ಎಷ್ಟೋ ವೇಳೆ ಅದಕ್ಕಿಂತಲೂ ಕಡಿಮೆ. ಆದುದರಿಂದ ಹಾರ್ಮೋನಿನ ಮಾತು ಬಂದಾಗ ಎಲ್ಲ ಬೇಳೆಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಸೋಯಾದ ಪ್ರಶ್ನೆಯೇ ಬೇರೆ. ಸೋಯಾ ಎಣ್ಣೆಯಲ್ಲಿ ಮಾತ್ರ ಈ ವಸ್ತು ಇಲ್ಲವೆನ್ನುವಷ್ಟು ಅಲ್ಪ. ಎಣ್ಣೆ ತೆಗೆದ ಹಿಟ್ಟಿನಿಂದ ತಯಾರಾಗುವ ಚಂಕ್ಸ್‌ನಲ್ಲಿ ಅದು ಬಹುಮಟ್ಟಿಗೆ ಉಳಿದಿರುತ್ತದೆ.

ಈ ಭೀತಿಗೆ ಒಂದು ಹಳೆಯ ಹಿನ್ನೆಲೆಯಿದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಮೇದ ಕುರಿಗಳಿಗೆ ಗರ್ಭ ಕಟ್ಟದಾಯಿತು. ಕಾರಣವನ್ನು ಹುಡುಕಿದಾಗ ಆ ಮೇವಿನಲ್ಲಿದ್ದ ಐಸೋಫ್ಲೇವೋನ್ ಬೆಳಕಿಗೆ ಬಂದಿತು. ಆದರೆ ಕುರಿಗಳು ಹಗಲೆಲ್ಲ ಆ ಮೇವನ್ನೇ ಮೇಯುತ್ತಿದ್ದವೆಂಬುದನ್ನೂ, ಅವುಗಳ ಜಠರವು ಆ ವಸ್ತುವನ್ನು ಪರಿವರ್ತಿಸುವ ಬಗೆ ಬೇರೆಯೆಂಬುದನ್ನೂ ಮರೆಯಲಾಗದು. ಮನುಷ್ಯರ ದೇಹದಲ್ಲಿ ಈಸ್ಟ್ರೋಜನ್ನಿಗೆ ಎರಡು ಬಗೆಯ ಗ್ರಾಹಕಗಳಿವೆ. ಐಸೋಫ್ಲೇವೋನ್ ಅವುಗಳಲ್ಲಿ ಬೀಟಾ ಎಂಬುದಕ್ಕೇ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಅದರ ಬಲವೂ ದೇಹದ ಸ್ವಂತ ಹಾರ್ಮೋನಿಗಿಂತ ಬಹಳ ಕಡಿಮೆ. ಅಂಗಾಂಶಕ್ಕೆ ತಕ್ಕಂತೆ ಅದು ಒಂದೆಡೆ ಈಸ್ಟ್ರೋಜನ್ನಿನಂತೆ, ಇನ್ನೊಂದೆಡೆ ಅದಕ್ಕೆ ತಡೆಯಂತೆ ವರ್ತಿಸಬಲ್ಲದು.

ಗಂಡಸರ ವಿಷಯಕ್ಕೆ ಬರೋಣ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2010ರಲ್ಲಿಯೂ, ಅದರ ವಿಸ್ತೃತ ರೂಪ 2021ರಲ್ಲಿಯೂ ಪ್ರಕಟವಾದವು. ಸೋಯಾ ಸೇವನೆಯಿಂದ ಗಂಡಸರ ಟೆಸ್ಟೋಸ್ಟಿರೋನ್ ಕುಂದಲಿಲ್ಲವೆಂಬುದೇ ಎರಡರ ನಿರ್ಣಯ. ಹಾಗಾದರೆ ಗಂಡಸಿನ ಎದೆ ಉಬ್ಬಿದ ಸುದ್ದಿ ಸುಳ್ಳೇ? ಸುಳ್ಳಲ್ಲ. 2008ರಲ್ಲಿ ವರದಿಯಾದ ಅರವತ್ತು ವರ್ಷದ ಆ ವ್ಯಕ್ತಿ ದಿನವೊಂದಕ್ಕೆ ಮೂರು ಲೀಟರಿನ ಸಮೀಪ ಸೋಯಾ ಹಾಲನ್ನು ಕುಡಿಯುತ್ತಿದ್ದರು. ಬಿಟ್ಟ ಬಳಿಕ ಬಾಧೆ ಇಳಿಯಿತು. ಊಟದೊಡನೆ ಬಡಿಸುವ ಪಲ್ಯಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೂವತ್ತು ಗ್ರಾಂ ಒಣ ಚಂಕ್ಸ್ ಎಂದರೆ ಒಬ್ಬರಿಗೆ ಒಂದು ಹೊತ್ತಿಗೆ ಧಾರಾಳ. ಅದರಿಂದ ದೊರೆಯುವ ಐಸೋಫ್ಲೇವೋನ್ ಸುಮಾರು 50 ಮಿಲಿಗ್ರಾಂ. ಜಪಾನಿನ ಹಿರಿಯರು ನಿತ್ಯದ ಆಹಾರದಲ್ಲಿ ಹೆಚ್ಚುಕಡಿಮೆ ಇಷ್ಟನ್ನು ತಲೆಮಾರುಗಳಿಂದ ಸೇವಿಸುತ್ತ ಬಂದಿದ್ದಾರೆ.

ತಾಯಂದಿರ ಸಂದೇಹಕ್ಕೆ ಚೀನಾದ ಶಾಂಘೈಯಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಸಮಾಧಾನ ನೀಡುತ್ತದೆ. ಸ್ತನ ಕ್ಯಾನ್ಸರಿನಿಂದ ಪಾರಾದ ಐದು ಸಾವಿರಕ್ಕೂ ಮಿಕ್ಕಿ ಮಹಿಳೆಯರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಸೋಯಾ ಆಹಾರವನ್ನು ಹೆಚ್ಚು ಉಂಡವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಸೋಯಾವೇ ಅವರನ್ನು ಕಾಪಾಡಿತೆಂದು ಇದರಿಂದ ಸಿದ್ಧವಾಗದು. ಆಹಾರವಾಗಿ ಉಂಡುದು ಕೇಡು ಮಾಡಿದಂತೆ ಕಾಣಲಿಲ್ಲವೆಂದಷ್ಟೇ ಹೇಳಬಹುದು. ಐಸೋಫ್ಲೇವೋನ್ ಮಾತ್ರೆಗಳ ಸಂಗತಿ ಬೇರೆ. ವೈದ್ಯರನ್ನು ಕೇಳದೆ ಅವುಗಳನ್ನು ನುಂಗತಕ್ಕದ್ದಲ್ಲ.

ನಿಜವಾಗಿ ಎಚ್ಚರ ಬೇಕಾದುದು ಥೈರಾಯ್ಡ್ ಕೊರತೆಗೆ ಮಾತ್ರೆ ಸೇವಿಸುವವರಿಗೆ. ಸೋಯಾ ಆ ಮಾತ್ರೆಯನ್ನು ಕರುಳು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಂಡವರು ಸೋಯಾ ಪದಾರ್ಥವನ್ನು ಮಧ್ಯಾಹ್ನದ ಊಟಕ್ಕೆ ಇರಿಸಿಕೊಳ್ಳುವುದು ಲೇಸು. ಎಳೆಯ ಕೂಸುಗಳಿಗೆ ಸೋಯಾ ಪುಡಿಯ ಹಾಲನ್ನು ವೈದ್ಯರು ಹೇಳಿದ ಹೊರತು ಕೊಡಬಾರದು. ಹಗಲಿರುಳು ಅದೊಂದೇ ಆಹಾರವಾದಾಗ ತೂಕಕ್ಕೆ ಹೋಲಿಸಿದರೆ ಆ ಪ್ರಮಾಣ ಅತಿಯಾಗುತ್ತದೆ.

ಇಲ್ಲೊಂದು ಸ್ವಾರಸ್ಯವನ್ನು ಹೇಳಲೇಬೇಕು. ಸೋಯಾಕ್ಕೆ ಅಂಜುವ ನಮ್ಮ ಭಾಗದ ಮನೆಗಳಲ್ಲಿಯೇ ರೊಟ್ಟಿಯ ಜೊತೆಗೆ ಅಗಸಿ ಹಿಂಡಿ ಇಲ್ಲದೆ ಊಟ ಸಾಗದು. ಅಗಸೆ ಬೇಳೆಕಾಳಲ್ಲ, ನಿಜ. ಆದರೆ ಲಿಗ್ನಾನ್ ಎಂಬ ಮತ್ತೊಂದು ಬಗೆಯ ಸಸ್ಯ ಈಸ್ಟ್ರೋಜನ್ ಅದರಲ್ಲಿ ಇರುವಷ್ಟು ಬೇರೆ ಆಹಾರಗಳಲ್ಲಿ ಸಿಗುವುದು ಅಪರೂಪ. ಅಜ್ಜಂದಿರು ಅದನ್ನುಂಡೇ ಹೊಲ ಉತ್ತರು, ಸಂಸಾರ ಬೆಳೆಸಿದರು.

ಬೀದರ, ಧಾರವಾಡ, ಬೆಳಗಾವಿ ಜಿಲ್ಲೆಗಳ ರೈತ ಬಂಧುಗಳು ಬೆಳೆಯುವ ಈ ಕಾಳನ್ನು ದೂರವಿಡಲು ನಮಗೆ ಕಾರಣ ಕಾಣುವುದಿಲ್ಲ. ತೊಗರಿಯಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟಿರುವ ಪ್ರೋಟೀನ್ ಚಂಕ್ಸ್‌ನಲ್ಲಿ ಐವತ್ತರ ಮೇಲಿದೆ. ಬೆಳೆಯುವ ಮಕ್ಕಳಿಗೆ ಅದು ಸಣ್ಣ ಮಾತಲ್ಲ. ಆದರೆ ತೊಗರಿ, ಹೆಸರು, ಮಡಿಕೆಗಳನ್ನು ಬಿಟ್ಟು ಸೋಯಾ ಒಂದನ್ನೇ ಹಿಡಿಯುವುದೂ ಸಲ್ಲದು. ಪ್ರಸಾದ ನಿಲಯದಲ್ಲಿ ಸೋಯಾ ವಾರಕ್ಕೆ ಎರಡು ಹೊತ್ತು, ಉಳಿದ ದಿನ ಬೇಳೆಯ ಸಾರು, ಕಾಳುಪಲ್ಯ ಎಂಬ ಕ್ರಮವನ್ನೇ ಮುಂದುವರಿಸುತ್ತೇವೆ. ಮನೆಯಲ್ಲಿ ಇಡೀ ಕಾಳನ್ನು ಬಳಸುವವರು ರಾತ್ರಿ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಮೆತ್ತಗಾಗುವವರೆಗೆ ಬೇಯಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣವನ್ನು ತಡೆಯುವ ಅಂಶವಿದೆ. ಚೆನ್ನಾಗಿ ಬೆಂದಾಗ ಅದು ಬಹುಪಾಲು ನಾಶವಾಗುತ್ತದೆ.